ಪೇಢೆಗೆ ವಿಭೂತಿ

ಸುಲೇಪೇಟದ ಗುಂಡಮ್ಮನ ಮಿಠಾಯಿ ಅಂಗಡಿಯಲ್ಲಿ ಫ್ರಿಜ್ ಕೆಟ್ಟು ಬುಟ್ಟಿ ತುಂಬ ಪೇಢೆ ಹಳಸಿತ್ತು. ಆಹಾರ ಸುರಕ್ಷತೆಯ ಅಧಿಕಾರಿಯಾದ ನಾನು ಅದನ್ನು ಜಪ್ತಿ ಮಾಡಿ, ಆಕೆಯ ಕಣ್ಣೆದುರೇ ಹೂಳಿಸಬೇಕಿತ್ತು. ಮುದುಕಿ ಜಗಳಕ್ಕೆ ನಿಂತಿದ್ದರೆ ನನಗೆ ಸುಲಭವಾಗುತ್ತಿತ್ತು. ಆಕೆ ಸುಮ್ಮನೆ ಅತ್ತಳು.

"ಬಿಸಲು ಯಾರ ಮಾತೂ ಕೇಳಂಗಿಲ್ಲ, ಯವ್ವಾ," ಎಂದೆ.

ಹಿತ್ತಲಿನ ಗುಂಡಿಗೆ ಪೇಢೆ ಸುರಿಸಿ, ಯಾರೂ ತೆಗೆದು ತಿನ್ನದಿರಲೆಂದು ಫಿನೈಲ್ ಬಾಟಲಿ ಎತ್ತಿದೆ. ಗುಂಡಮ್ಮ ನನ್ನ ಕೈ ಹಿಡಿದಳು.

"ತಡೀರಿ ಸಾಹೇಬ್ರ. ತಿನ್ನೋದು ಪ್ರಸಾದ ಇದ್ದಂಗ. ವಿಭೂತಿ ಇಲ್ದ ಹೆಂಗ ಮಣ್ಣ ಮಾಡ್ಲಿಕತ್ತೀರಿ?"

ಒಳಗಿನಿಂದ ವಿಭೂತಿ ತಂದು ಪೇಢೆಗಳ ಮೇಲೆ ಉದುರಿಸಿ ಕೈ ಮುಗಿದಳು. ಫಿನೈಲ್ ಸುರಿದೆ. ಆಕೆ ಕಟ್ಟೆಯ ಮೇಲೆ ಕುಸಿದು ಕೂತು, "ಮಣ್ಣ ಮಾಡಿದ ದಿನ ಒಲಿ ಹಚ್ಚಬಾರ್ದುರಿ," ಎಂದಳು.

ಸಾವಾದ ಮನೆಗೆ ಬೇರೆಯವರು ಊಟ ತರುವುದು ನಮ್ಮ ಕಡೆಯ ಪದ್ಧತಿ. ಅಲ್ಲಿ ಬೇರೆಯವನೆಂದರೆ ನಾನೊಬ್ಬನೇ. ಜೀಪಿನಲ್ಲಿದ್ದ ನನ್ನ ಬುತ್ತಿ ತಂದು ಮುಂದಿಟ್ಟೆ.

ಗುಂಡಮ್ಮ ಮುಚ್ಚಳ ತೆಗೆದು ಮೂಸಿದಳು. ಮತ್ತೊಮ್ಮೆ ಮೂಸಿದಳು. ಹೆಸರುಬೇಳೆ ಪಲ್ಯ ಜೀಪಿನ ಕಾವಿಗೆ ಹಳಸಿತ್ತು.

ಆಕೆ ನಗಲಿಲ್ಲ. ಪಲ್ಯವನ್ನು ಅದೇ ಗುಂಡಿಗೆ ಸುರಿದು, ಅದಕ್ಕೂ ಚಿಟಿಕೆ ವಿಭೂತಿ ಹಾಕಿ, ನನ್ನ ಬೆನ್ನು ಸವರಿದಳು.

"ಬಿಸಲು ಯಾರ ಮಾತೂ ಕೇಳಂಗಿಲ್ಲ, ಸಾಹೇಬ್ರ. ಕುಂದ್ರಿ. ಭಾಳ ಹಸದೀರಿ."

ಹಚ್ಚಬಾರದೆಂದಿದ್ದ ಒಲೆಯನ್ನು ಆಕೆಯೇ ಹಚ್ಚಿದಳು. ದಾಳಿ ಮಾಡಿದ ಅಂಗಡಿಯಲ್ಲಿ ಚಹಾ ಕುಡಿಯಬಾರದೆಂದು ನಮಗೆ ಕಟ್ಟುನಿಟ್ಟಿನ ಆದೇಶವಿದೆ. ಬಿಸಿ ರೊಟ್ಟಿಯ ಬಗ್ಗೆ ಅದರಲ್ಲಿ ಏನೂ ಇಲ್ಲ.