ನಲವತ್ತೊಂಬತ್ತು ಕೆ.ಜಿ.ಯ ಕೊಬ್ಬು

"ಕೊಬ್ಬು ಜಾಸ್ತಿ ಇರೋದು ನಿಮ್ಮ ರಕ್ತದಲ್ಲಿ ರೈಟ್ರೇ, ಮೇಸ್ತ್ರಿ ರಕ್ತದಲ್ಲಲ್ಲ," ಎಂದು ಚಿಕ್ಕಮಗಳೂರಿನ ಡಾಕ್ಟರು ಹೇಳಿದಾಗ, ರಕ್ತ ಪರೀಕ್ಷೆಯ ಚೀಟಿ ಅದಲುಬದಲಾಗಿದೆ ಎಂದೇ ನಾನು ವಾದಿಸಿದೆ.

ಎಂಬತ್ತರ ದಶಕದ ಮಾತು. ವಸ್ತಾರೆ ಹತ್ತಿರ, ನಾನು ಲೆಕ್ಕ ಬರೆಯುವ ರೈಟರಾಗಿದ್ದ ಎಸ್ಟೇಟಿನಲ್ಲಿ ಕಾಫಿ ಕುಯ್ಲು ಮುಗಿದ ದಿನ, ಹಣ್ಣಿನ ಚೀಲ ತೂಗುವ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ಎಲ್ಲರೂ ಒಬ್ಬೊಬ್ಬರಾಗಿ ಜೋತುಬಿದ್ದು ತೂಕ ನೋಡಿಕೊಳ್ಳುವುದು, ನಾನು ಅದನ್ನು ಲೆಕ್ಕದ ಪುಸ್ತಕದಲ್ಲಿ ಬರೆಯುವುದು ರೂಢಿ. ಆ ವರ್ಷ ಆಳುಗಳ ಮೇಸ್ತ್ರಿ ಸುಬ್ಬೇಗೌಡರು ತೊಂಬತ್ತೆರಡು ಕೆ.ಜಿ., ನಾನು ನಲವತ್ತೊಂಬತ್ತು. ಅವರಿಗೆ ಏದುಸಿರು ಬೇರೆ. ಹೆದರಿಸಿ ಡಾಕ್ಟರ ಹತ್ತಿರ ಕರೆದೊಯ್ದವನೇ ನಾನು. ಜೊತೆಗೆ ಹೋದ ತಪ್ಪಿಗೆ ನನ್ನ ರಕ್ತವನ್ನೂ ತೆಗೆದಿದ್ದರು.

"ನಾನು ತುಪ್ಪ ಬಿಟ್ಟು ನಾಲ್ಕು ವರ್ಷ ಆಯ್ತು ಸಾರ್. ಎಲ್ಲಕ್ಕೂ ವನಸ್ಪತಿನೇ. ಅದು ಗಿಡದ ಎಣ್ಣೆ ಅಲ್ವಾ?" ಎಂದೆ ನಾನು.

"ಗಿಡದ್ದೇ. ಆದ್ರೆ ಗಟ್ಟಿ ಮಾಡಿ ಡಬ್ಬಿಗೆ ತುಂಬಿದ್ದು. ಅದನ್ನೂ ಬಿಡಿ."

ಮೇಸ್ತ್ರಿಗೆ, ಮೈ ಇಳಿಸದಿದ್ದರೆ ಬಿ.ಪಿ. ಇಳಿಯುವುದಿಲ್ಲ ಎಂದರು. ಹೊರಗೆ ಬಂದ ಮೇಲೆ ಮೇಸ್ತ್ರಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಅಷ್ಟು ಕೊಬ್ಬನ್ನ ಎಲ್ಲಿ ಇಟ್ಕೊಂಡಿದೀರಿ ಮಾರಾಯ್ರೇ?"



ಮುಂದಿನ ಕುಯ್ಲಿನ ಕೊನೆಯ ದಿನ ಮೇಸ್ತ್ರಿ ಎಂಬತ್ತನಾಲ್ಕಕ್ಕೆ ಇಳಿದಿದ್ದರು. ಆಳುಗಳೆಲ್ಲ ಹೋ ಎಂದು ಕೂಗಿದರು. ನಾನು ಜೋತುಬಿದ್ದಾಗ ಮುಳ್ಳು ಅದೇ ನಲವತ್ತೊಂಬತ್ತರಲ್ಲಿ ನಿಂತಿತು; ರಕ್ತದ ಕೊಬ್ಬು ಏರಿತೋ ಇಳಿಯಿತೋ ಅದು ಹೇಳಲಿಲ್ಲ. ಆ ಮುಳ್ಳನ್ನು ನಂಬಿ ವರ್ಷಗಟ್ಟಲೆ ಚೀಲಗಳ ತೂಕ ಬರೆದವನು ನಾನು. ಅಂದು ಕೊಕ್ಕೆ ಬಿಟ್ಟು ಕೆಳಗಿಳಿದು, ಪೆನ್ನು ಹಿಡಿದು, ನನ್ನ ಹೆಸರಿನ ಮುಂದೆ ಏನು ಬರೆಯುವುದೆಂದು ತಿಳಿಯದೆ ನಿಂತೆ.