ಬಲಗೈ ಏನು ಮಾಡಿತು?

ಕಳೆದ ಗುರುವಾರ ಬೆಳಿಗ್ಗೆ ಹತ್ತೂವರೆಗೆ ನಮ್ಮ ಮನೆಯಲ್ಲಿ ಒಂದು ಪರೀಕ್ಷೆ ನಡೆಯಿತು. ಪರೀಕ್ಷೆ ಯಾರಿಗೆ ಎಂಬ ವಿಷಯದಲ್ಲಿ ಮಾತ್ರ ನಮಗೆ ತಪ್ಪು ತಿಳಿವಳಿಕೆ ಇತ್ತು.

ಮೂವತ್ತು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬೇರೆಯವರ ವರದಿಗಳಲ್ಲಿ ‘ಯಾರು, ಏನು, ಎಲ್ಲಿ’ ಎಂದು ಕೆಂಪು ಗೆರೆ ಎಳೆದವನು ನಾನು. ಮೊದಲ ಪ್ರಶ್ನೆಯಲ್ಲೇ ಎಡವಿದೆ.

ಮದ್ರಾಸಿನ ತ್ರಿಪ್ಲಿಕೇನಿನ ಈ ಮನೆಯಲ್ಲಿ ಇರುವುದು ನಾನು ಮತ್ತು ನನ್ನ ಅಕ್ಕ ಪದ್ಮ. ವಿಮಾ ಕಚೇರಿಯಲ್ಲಿ ದುಡಿದು ನಿವೃತ್ತಳಾದವಳು. ಐದು ತಿಂಗಳ ಹಿಂದೆ ಅವಳಿಗೆ ಸ್ಟ್ರೋಕ್ ಆಯಿತು. ಮಾತು ಒಂದು ವಾರದಲ್ಲಿ ಮರಳಿತು. (ಬೈಗುಳ ಅದಕ್ಕೂ ಮೊದಲೇ.) ನಡಿಗೆ ಎರಡು ತಿಂಗಳಲ್ಲಿ ಬಂತು. ಬಲಗೈ ಮಾತ್ರ ತಡಮಾಡಿತು. ಬೆರಳು ಅಲ್ಲಾಡುತ್ತಿತ್ತು, ಕೆಲಸಕ್ಕೆ ಬರುತ್ತಿರಲಿಲ್ಲ.

ಡಾಕ್ಟರು ಆಕ್ಯುಪೇಷನಲ್ ಥೆರಪಿ ಮಾಡಿಸಿ ಎಂದರು. ಫಿಸಿಯೋಥೆರಪಿ ಗೊತ್ತಿತ್ತು, ಇದೇನು? ದಿನದ ಕೆಲಸಗಳನ್ನು ಮಾಡಿಸುತ್ತಲೇ ಕೈ ಪಳಗಿಸುವುದಂತೆ. ಆಸ್ಪತ್ರೆಯ ಥೆರಪಿಸ್ಟ್ ಮೊದಲ ದಿನ ಅಕ್ಕನನ್ನು ಕೇಳಿದ್ದು ಒಂದೇ ಪ್ರಶ್ನೆ: “ನಿಮಗೆ ಯಾವ ಕೆಲಸ ಮಾಡಬೇಕು ಅನಿಸುತ್ತೆ?”

“ಹೂ ಕಟ್ಟಬೇಕು” ಎಂದಳು ಅಕ್ಕ.

ಬುದ್ಧಿ ತಿಳಿದಾಗಿನಿಂದ ದಿನವೂ ಮನೆಯ ದೇವರಿಗೆ ತಾನೇ ಮಲ್ಲಿಗೆ ಕಟ್ಟಿದವಳು. ಕಟ್ಟಿದ ಹೂವನ್ನು ಅಂಗಡಿಯಿಂದ ತಂದರೆ ಅವಳ ಲೆಕ್ಕದಲ್ಲಿ ಅದು ಪಾರ್ಸಲ್ ಊಟ. ಐದು ತಿಂಗಳಿಂದ ನಮ್ಮ ದೇವರು ಪಾರ್ಸಲಿನಲ್ಲೇ ಇದ್ದ.

ವಾರಕ್ಕೆ ಮೂರು ದಿನ ಮನೆಗೆ ಬರಲು ನೇಮಕವಾದವಳು ಸುಮತಿ. ಥೆರಪಿ ಅಸಿಸ್ಟೆಂಟ್ ಆಗಲು ತರಬೇತಿ ಪಡೆಯುತ್ತಿದ್ದಳು. ವಯಸ್ಸು ಮೂವತ್ತನಾಲ್ಕು. ಸೀರೆ ಅಂಗಡಿಯಲ್ಲಿ ಹತ್ತು ವರ್ಷ ನಿಂತೇ ಕೆಲಸ ಮಾಡಿ, ಬಿಟ್ಟು, ಮತ್ತೆ ಪುಸ್ತಕ ಹಿಡಿದಿದ್ದಳು. ತಾಂಬರಂನಿಂದ ಎಲೆಕ್ಟ್ರಿಕ್ ಟ್ರೈನು, ಆಮೇಲೆ ಬಸ್ಸು.

“ನಾನು ಹೊಸೂರು ಕಡೆಯವಳು ಸಾರ್. ಮನೇಲಿ ಕನ್ನಡಾನೇ. ಓದಕ್ಕೆ ಬರಲ್ಲ, ಮಾತಾಡ್ತೀನಿ. ಅದಕ್ಕೇ ನಮ್ಮ ಟ್ರೈನಿಂಗ್ ಮೇಡಂ ನನ್ನ ಇಲ್ಲಿಗೆ ಹಾಕಿದ್ರು” ಎಂದಳು.

ಅವಳ ಕೆಲಸದ ರೀತಿ ನೋಡಿ ಮೊದಲ ವಾರ ನಾವಿಬ್ಬರೂ ದಂಗಾದೆವು. ಅಕ್ಕ ರವಿಕೆಯ ತೋಳಿಗಾಗಿ ಒದ್ದಾಡುತ್ತಿದ್ದರೆ ಇವಳು ಪಕ್ಕದಲ್ಲಿ ಸುಮ್ಮನೆ ಕೂತಿರುತ್ತಿದ್ದಳು. ದುಪಟ್ಟಾದ ತುದಿಗೆ ಒಂದು ಗಂಟು ಹಾಕಿ, ಅದನ್ನು ಎರಡೂ ಕೈಯಲ್ಲಿ ಹಿಡಿದು.

“ಏನೋ ಇವಳು, ಸಹಾಯಕ್ಕೆ ಅಂತ ಬಂದು ನವರಾತ್ರಿ ಗೊಂಬೆ ಥರ ಕೂತಿದಾಳೆ!” ಅಕ್ಕನ ಟೀಕೆ.

“ಇಪ್ಪತ್ತರ ತನಕ ಮನಸಲ್ಲೇ ಎಣಿಸ್ತೀನಮ್ಮಾ. ಆಗದಿದ್ರೆ ಬಾಯಲ್ಲಿ ಹೇಳ್ತೀನಿ. ಅದಕ್ಕೂ ಆಗದಿದ್ರೆ ಒಂದು ಬೆರಳಲ್ಲಿ ಮುಟ್ತೀನಿ. ಕೈ ಹಿಡಿಯೋದು ಕೊನೇಗೆ.”

“ಗಂಟು ಯಾಕೆ?” ಎಂದೆ ನಾನು.

ಹಿಂದಿನ ಸಲ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಸುಮತಿ ಫೇಲಾಗಿದ್ದಳು. ಒಬ್ಬ ತಾತ ಶರ್ಟಿನ ಗುಂಡಿ ಹಾಕಲಾಗದೆ ಅತ್ತುಬಿಟ್ಟರಂತೆ. ಇವಳು ತಡೆಯಲಾರದೆ ಐದೂ ಗುಂಡಿ ಹಾಕಿಬಿಟ್ಟಳಂತೆ. “ಕೈ ತಾನಾಗೇ ಹೋಗಿಬಿಡ್ತು ಸಾರ್. ಅದಕ್ಕೇ ಈಗ ಗಂಟು ಹಿಡ್ಕೋತೀನಿ.”

ತಾಂಬರಂನ ಒಂದು ಕ್ಲಿನಿಕ್ಕು ಅವಳಿಗಾಗಿ ಕೆಲಸವೊಂದನ್ನು ಹಿಡಿದಿಟ್ಟಿತ್ತು. ಈ ಸಲ ಪಾಸಾದರೆ ಅವಳದು. ಇಲ್ಲವಾದರೆ ಬೇರೆಯವರದು.

ಪರೀಕ್ಷೆ ನಮ್ಮ ಮನೆಯಲ್ಲೇ, ಅಕ್ಕ ಹೂ ಕಟ್ಟುವುದನ್ನು ಮೇಡಂ ಬಂದು ನೋಡುತ್ತಾರೆ ಎಂದು ಅವಳು ಹೇಳಿದ ದಿನವೇ ನಮ್ಮ ತಪ್ಪು ಶುರುವಾಯಿತು. ಮದ್ರಾಸಿನಲ್ಲಿ ಬೆಳೆದವರು ನಾವು. ಪರೀಕ್ಷೆ ಎಂದ ಕೂಡಲೇ ಇಲ್ಲಿನ ಮನೆಗಳಲ್ಲಿ ಏನು ಮಾಡುತ್ತಾರೆ? ಟ್ಯೂಷನ್!

ಟ್ಯೂಷನ್ ಮೇಷ್ಟರು ನಾನು. ಎರಡು ವಾರ, ಸುಮತಿಗೆ ಗೊತ್ತಾಗದಂತೆ, ಬೆಳಿಗ್ಗೆ ಸಂಜೆ ಅಭ್ಯಾಸ. ಬಲಗೈಯಲ್ಲಿ ಒಂದು ಹೂವೂ ನಿಲ್ಲಲಿಲ್ಲ. ಆಗ ನನಗೆ ಬೀದಿಯ ಹೂವಾಡಗಿತ್ತಿಯರು ನೆನಪಾದರು. ದಾರದ ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿದರೆ ಎಡಗೈಯೊಂದೇ ಸಾಕಲ್ಲ?

“ಲೋ ರಂಗ, ದೇವರ ಹೂವಿಗೆ ಕಾಲು ತಾಗಿಸೋದೇ?” ಅಕ್ಕ ಸಿಡಿದಳು. ಒಂದು ದಿನ ಯೋಚಿಸಿ ತಾನೇ ತೀರ್ಪು ಕೊಟ್ಟಳು: “ಇದು ದೇವರಿಗಲ್ಲ, ಪರೀಕ್ಷೆಗೆ. ಆ ಹುಡುಗಿ ಪಾಸಾಗಲಿ.”

ಗುರುವಾರ ಮೇಡಂ ಬಂದರು. ಬಿಳಿ ಕೋಟು, ಕೈಯಲ್ಲಿ ಪ್ಯಾಡು, ಮುಖದಲ್ಲಿ ಏನೂ ಇಲ್ಲ. ಸುಮತಿ ಮೇಜಿನ ಮೇಲೆ ಮಲ್ಲಿಗೆ ಹರಡುವಷ್ಟರಲ್ಲಿ ಅಕ್ಕ ದಿವಾನದ ಮೇಲೆ ಎಡಗಾಲು ಚಾಚಿ, ದಾರವನ್ನು ಹೆಬ್ಬೆರಳಿಗೆ ಸಿಕ್ಕಿಸಿ, ಹೂವಿನ ತಟ್ಟೆ ತೊಡೆಗೆ ಎಳೆದುಕೊಂಡಳು. ಎಡಗೈ ಓಡಿತು. ಹತ್ತು ನಿಮಿಷದಲ್ಲಿ ಒಂದು ಗೇಣು ಮಾಲೆ. ನಾನು ಚಪ್ಪಾಳೆ ತಟ್ಟುವುದೊಂದು ಬಾಕಿ.

ಸುಮತಿಯ ಮುಖ ಮಾತ್ರ ಬಿಳಿಚಿಕೊಂಡಿತ್ತು.

ಮೇಡಂ ಅವಳತ್ತ ತಿರುಗಿ ತಮಿಳಿನಲ್ಲಿ ಒಂದೇ ಪ್ರಶ್ನೆ ಕೇಳಿದರು. “ವಲದು ಕೈ ಎನ್ನ ಪಣ್ಣುಚ್ಚು?” ಬಲಗೈ ಏನು ಮಾಡಿತು?

ಆಗ ನನಗೆ ತಿಳಿಯಿತು. ಪರೀಕ್ಷೆ ಅಕ್ಕನಿಗಲ್ಲ. ಅಕ್ಕನಿಗೆ ಎಲ್ಲಿ ಕಷ್ಟವಾಗುತ್ತದೋ ಅಲ್ಲಿ ಈ ಹುಡುಗಿ ಏನು ಮಾಡುತ್ತಾಳೆ ಎಂಬುದಕ್ಕೆ. ಕಷ್ಟವನ್ನೇ ನಾನು ಬಚ್ಚಿಟ್ಟುಬಿಟ್ಟಿದ್ದೆ.

ಸುಮತಿ ನನ್ನನ್ನು ದೂರಬಹುದಿತ್ತು. ಬಲಗೈಯೂ ಸ್ವಲ್ಪ ಸೇರಿತು ಎಂದು ಹೇಳಬಹುದಿತ್ತು. ಅವಳು ಹೇಳಿದ್ದು, “ಏನೂ ಮಾಡಲಿಲ್ಲ ಮೇಡಂ.”

“ಸರಿ. ಈಗ?”

ಸುಮತಿ ಅಕ್ಕನ ಮುಂದೆ ಮಂಡಿಯೂರಿ, ಹೆಬ್ಬೆರಳಿನಿಂದ ದಾರ ಬಿಡಿಸಿದಳು. “ಅಮ್ಮಾ, ತುಂಬಾ ಚೆನ್ನಾಗಿದೆ. ಈಗ ದೇವರಿಗೆ ಕಟ್ಟೋಣ್ವಾ?”

ಅಕ್ಕ ಅವಳನ್ನೇ ನೋಡಿದಳು. ಎದ್ದು ಬಂದು ಮೇಜಿನ ಮುಂದೆ ಕೂತಳು.

ಹೂವು ಜಾರದಿರಲು ಸುಮತಿ ಒದ್ದೆ ಟವಲು ಹಾಸಿದಳು. ಎರಡು ಮೊಗ್ಗಿನ ತೊಟ್ಟನ್ನು ಒತ್ತಿ ಹಿಡಿಯುವುದು ಬಲಗೈ ಹೆಬ್ಬೆರಳಿನ ಕೆಲಸ, ದಾರ ಸುತ್ತುವುದು ಎಡಗೈಯದು. ಹೇಳಿ, ಹಿಂದೆ ಸರಿದು, ದುಪಟ್ಟಾದ ಗಂಟು ಹಿಡಿದಳು.

ಮೊದಲ ಜೋಡಿ ಉರುಳಿ ನೆಲಕ್ಕೆ ಬಿತ್ತು. ಎರಡನೆಯದೂ ಬಿತ್ತು. ಅಕ್ಕನ ಮೇಲ್ದುಟಿಯ ಮೇಲೆ ಬೆವರು. “ಅಕ್ಕ, ಸ್ವಲ್ಪ ಹೀಗೆ...” ಎಂದು ನಾನು ಕೈ ಚಾಚಿದೆ.

“ಸಾರ್, ಕೈ!” ಎಂದಳು ಸುಮತಿ. ಅಷ್ಟು ಗಟ್ಟಿಯಾಗಿ ಅವಳು ಮಾತಾಡಿದ್ದು ಅದೇ ಮೊದಲು. ನಾನು ಕೈಯನ್ನು ಜೇಬಿಗೆ ಹಾಕಿಕೊಂಡೆ.

ಅಕ್ಕನ ಕಣ್ಣು ತುಂಬಿತು. ಹಿಂದಿನ ಸಲದ ತಾತನಂತೆಯೇ. ಸುಮತಿಯ ಬೆರಳ ಗೆಣ್ಣುಗಳು ಗಂಟಿನ ಮೇಲೆ ಬಿಗಿದುಕೊಂಡವು. ತುಟಿ ಮೆಲ್ಲಗೆ ಅಲುಗುತ್ತಿತ್ತು. ಎಣಿಸುತ್ತಿದ್ದಳು. ಆ ಇಪ್ಪತ್ತು ಎಷ್ಟು ದೊಡ್ಡ ಸಂಖ್ಯೆ ಎಂದು ಅವತ್ತು ಗೊತ್ತಾಯಿತು.

“ಅಮ್ಮಾ, ಹೆಬ್ಬೆರಳು” ಎಂದಳು ಕೊನೆಗೆ. ಅಷ್ಟೇ.

ಹೆಬ್ಬೆರಳು ಅಲುಗಿ, ಇಳಿದು, ತೊಟ್ಟಿನ ಮೇಲೆ ಕೂತಿತು. ಎಡಗೈ ಸುತ್ತಿತು, ಎಳೆಯಿತು. ಒಂದು ಗಂಟು. ಎರಡು ಮಲ್ಲಿಗೆ, ಒಂದರ ತಲೆ ಸೊಟ್ಟ.

ಮೇಡಂ ಸುಮತಿಯ ರೆಕಾರ್ಡ್ ಪುಸ್ತಕ ಕೇಳಿದರು. ಅವಳು ಅಲ್ಲೇ ಬರೆದು ಕೊಟ್ಟಳು. ಆಮೇಲೆ ನಾನೂ ಓದಿದೆ. ಇಂಗ್ಲಿಷು ಸೊಟ್ಟ, ಸಂಗತಿ ನೇರ: ‘ಮೊದಲ ಮಾಲೆ ಎಡಗೈಯದು, ಬಲಗೈ ಸೇರಲಿಲ್ಲ. ನಂತರ ಬಲ ಹೆಬ್ಬೆರಳು ಎರಡು ಹೂ ಒತ್ತಿ ಹಿಡಿಯಿತು. ಗಂಟು ಒಂದು. ಬಿದ್ದ ಹೂ ನಾಲ್ಕು. ಒಮ್ಮೆ ಮಾತಿನ ನೆರವು. ರೋಗಿಯ ತಮ್ಮ ಒಮ್ಮೆ ಅಡ್ಡ ಬಂದರು.’

ಮೂವತ್ತು ವರ್ಷದ ಡೆಸ್ಕು ಹೇಳುತ್ತಿದೆ: ಈ ವರದಿಯಲ್ಲಿ ತೆಗೆಯಬೇಕಾದ ಪದ ಒಂದೂ ಇಲ್ಲ. (ಕೊನೆಯ ವಾಕ್ಯ ತೆಗೆಯಬಹುದೆಂದು ಅನಿಸಿತ್ತು. ಆದರೆ ಅದು ಸತ್ಯ.)

ಸೋಮವಾರ ಸುಮತಿಯ ಫೋನು ಬಂತು. ಪಾಸ್. ಬರುವ ತಿಂಗಳು ತಾಂಬರಂನಲ್ಲಿ ಕೆಲಸಕ್ಕೆ ಸೇರುತ್ತಾಳೆ. “ಅಮ್ಮನಿಗೆ ಹೇಳಿ ಸಾರ್, ಅವರಿಂದಲೇ” ಎಂದಳು. ಅಕ್ಕ ಫೋನು ಕಿತ್ತುಕೊಂಡು, “ಬಾರೇ ಗೊಂಬೆ, ಪಾಯಸ ಮಾಡಿಸ್ತೀನಿ. ನೀನೇ ಬಡಿಸ್ಕೋಬೇಕು, ನಾನು ಸುಮ್ನೆ ಕೂತಿರ್ತೀನಿ” ಎಂದಳು.

ಆ ಎರಡು ಹೂವು ಗುರುವಾರವೇ ದೇವರ ಮುಡಿ ಸೇರಿದವು. ಗೇಣುದ್ದದ ಮಾಲೆಯನ್ನು ಬಾಗಿಲಿಗೆ ಹಾಕಿದೆವು.

ನಮಗಾಗಿ ಏನೇನೋ ಮಾಡಿದವರಿಗೆ ಕೃತಜ್ಞತೆ ಹೇಳಿ ನನಗೆ ಅಭ್ಯಾಸವಿದೆ. ನಮ್ಮ ಕೆಲಸವನ್ನು ಮಾಡಿಕೊಡದೆ ಕೂತವಳಿಗೆ ಹೇಳುತ್ತಿರುವುದು ಇದೇ ಮೊದಲು.

ಇದನ್ನು ಬರೆಯುತ್ತಿರುವಾಗ ಅಕ್ಕ ಅಡುಗೆಮನೆಯಲ್ಲಿ ಕಾಫಿಪುಡಿ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಾಳೆ. ಹತ್ತು ನಿಮಿಷವಾಯಿತು. ಒಮ್ಮೆ ಡಬ್ಬಿ ಬಿದ್ದ ಸದ್ದೂ ಕೇಳಿತು. ನನಗೆ ದುಪಟ್ಟಾ ಇಲ್ಲ, ಆದ್ದರಿಂದ ಎರಡೂ ಕೈಗಳನ್ನು ಕೀಬೋರ್ಡಿನ ಮೇಲೆ ಇಟ್ಟುಕೊಂಡಿದ್ದೇನೆ.

ಇಲ್ಲದಿದ್ದರೆ ಈ ವಾರದ ಅಂಕಣ ಇಷ್ಟು ಉದ್ದವಾಗುತ್ತಿತ್ತೇ?