ಮದಾರಸಾಬ ಮಲಗಿ ನೋಡಿ ಕೊಂಡ ಗಾಡಿ

ಕಾರು ಕೊಳ್ಳಲು ಹೋದವರು ಏನು ನೋಡುತ್ತಾರೆ? ಬಾನೆಟ್ ಎತ್ತಿಸಿ, ತಮಗೆ ಒಂದಿಷ್ಟೂ ಅರ್ಥವಾಗದ ಎಂಜಿನ್ ನೋಡಿ ತಲೆಯಾಡಿಸುತ್ತಾರೆ. ಟೈರಿಗೆ ಒಂದು ಒದೆ ಕೊಡುತ್ತಾರೆ. ನಮ್ಮ ಖಾನಾಪುರದ ಮದಾರಸಾಬ ಇದ್ಯಾವುದನ್ನೂ ಮಾಡುತ್ತಿರಲಿಲ್ಲ. ಹಿಂದಿನ ಬಾಗಿಲು ತೆಗೆದು, ಚಪ್ಪಲಿ ಹೊರಗೆ ಬಿಟ್ಟು, ಸೀಟಿನ ಮೇಲೆ ಅಂಗಾತ ಮಲಗಿ, ಕರವಸ್ತ್ರ ಮುಖದ ಮೇಲೆ ಎಳೆದುಕೊಂಡು “ಹೂಂ, ಹೊಡೀರಿ” ಎನ್ನುತ್ತಿದ್ದ.

ಬೆಳಗಾವಿಯ ಒಂದು ಶೋರೂಮಿನಲ್ಲಿ ಇದನ್ನು ಕಂಡ ಹುಡುಗಿ ಮ್ಯಾನೇಜರನ ಕಡೆ ಓಡಿದಳು. “ಸರ್, ಹೊಸಾ ಗಾಡ್ಯಾಗ ಯಾರೋ ಅಜ್ಜಾ ತೀರಿಕೊಂಡಾರ್ರೀ!”

“ಇನ್ನೂ ಇಲ್ಲವ್ವಾ,” ಎಂದ ಮದಾರಸಾಬ ಕರವಸ್ತ್ರದ ಕೆಳಗಿನಿಂದ. “ಗಾಡಿ ಹೊಡದ ನೋಡ್ರಿ, ಆಮ್ಯಾಲ ಹೇಳ್ತೀನಿ.”

ನಾನು ತವನಪ್ಪ. ಮದಾರಸಾಬನೂ ನಾನೂ ಒಂದೇ ಸಾಲಿಯಲ್ಲಿ ಕಲಿತವರು. ಅವನು ನನ್ನ ಪಾಟಿ ನೋಡಿ ಬರೆದ, ಆದ್ದರಿಂದ ಇಬ್ಬರೂ ನಪಾಸಾದೆವು. ಆಮೇಲೆ ನಾನು ಪೇಟೆಯಲ್ಲಿ ಕಿರಾಣಿ ಅಂಗಡಿ ಹಾಕಿದೆ, ಅವನು ಒಂದು ಹಳೆಯ ಟ್ರ್ಯಾಕ್ಸ್ ಜೀಪು ಹಿಡಿದ. ಜಾಂಬೋಟಿಯ ಕಾಡಿನೊಳಗಿನ ಹಳ್ಳಿಗಳಿಂದ ಬಸುರಿಯರನ್ನು, ಹಾವು ಕಚ್ಚಿದವರನ್ನು, ಉಸಿರು ಸಿಕ್ಕಿಕೊಂಡ ಮುದುಕರನ್ನು ಬೆಳಗಾವಿಯ ನೆಹರು ನಗರದ ದೊಡ್ಡ ದವಾಖಾನೆಗೆ ತರುವುದೇ ಅವನ ಜೀವನವಾಯಿತು. ಆ ಟ್ರ್ಯಾಕ್ಸ್ ಎಂಥದ್ದೆಂದರೆ ಮೊದಲು ಸಪ್ಪಳ ಹೋಗುತ್ತಿತ್ತು, ಅದರ ಹಿಂದೆ ಗಾಡಿ ಹೋಗುತ್ತಿತ್ತು. ಒಮ್ಮೆ ಒಂದು ಕರಡಿ ಅದರ ಹೊಗೆಗೆ ಕೆಮ್ಮಿ ಕೆಮ್ಮಿ, ಕೊನೆಗೆ ತಾನೂ ಹತ್ತಿ ದವಾಖಾನೆಗೆ ಬಂತು ಎಂದು ನಾನು ಸಂತೆಯಲ್ಲಿ ಹೇಳುತ್ತಿದ್ದೆ. ಅದು ಸುಳ್ಳು. ಮುಂದೆ ಹೇಳುವುದೂ ಸುಳ್ಳಾಗಿದ್ದರೆ ನನಗೆ ನಿದ್ದೆ ಇನ್ನಷ್ಟು ಚೆನ್ನಾಗಿ ಬರುತ್ತಿತ್ತು.

ಅವನಿಗೆ ಒಂದು ರೂಢಿ ಇತ್ತು. ತಾನು ಕರೆತಂದವರು ದವಾಖಾನೆಯಲ್ಲಿ ತೀರಿಕೊಂಡರೆ ಹೆಣ ಬೇರೆ ಗಾಡಿಯಲ್ಲಿ ಹೋಗುತ್ತದೆ. ಆದರೆ ಮದಾರಸಾಬ ಹೊರಡುವ ಮುಂಚೆ ತನ್ನ ಗಾಡಿಯ ಎಡಗಡೆ ಬಾಗಿಲು ತೆಗೆದು, ಖಾಲಿ ಸೀಟಿಗೆ “ಬರ್ರಿ, ಕುಂದರ್ರಿ” ಎನ್ನುತ್ತಿದ್ದ. ತುಸು ಹೊತ್ತು ಕಾದು ಬಾಗಿಲು ಹಾಕುತ್ತಿದ್ದ. ಸೀಟಿಗೆ ಅಡ್ಡವಾಗಿ ತನ್ನ ಟವೆಲ್ ಕಟ್ಟುತ್ತಿದ್ದ. ಅವರ ಊರು ಬಂದಾಗ ಇಳಿದು, ಅದೇ ಬಾಗಿಲು ತೆಗೆದು “ಮನಿ ಬಂತ್ರಿ, ಇಳೀರಿ” ಎನ್ನುತ್ತಿದ್ದ.

“ಹುಚ್ಚ ಹಿಡದೈತೇನೋ ನಿನಗ?” ಎಂದು ನಾನು ಒಮ್ಮೆ ಕೇಳಿದ್ದೆ.

“ಹೆಣಕ್ಕ ದಾರಿ ಬೇಕಾಗಿಲ್ಲೋ ತವನ್ಯಾ, ಅದನ್ನ ಮಂದಿ ಹೊತ್ಕೊಂಡ ಹೋಗ್ತಾರ,” ಎಂದ. “ಮನಷ್ಯಾ ಮಾತ್ರ ತಂದಾವನ ಕೂಡೇನ ಹೊಳ್ಳಿ ಹೋಗಬೇಕಾಗತೈತಿ. ಇಲ್ಲಾಂದ್ರ ಅಲ್ಲೇ ಗೇಟಿನ ಬಾಜೂಕ ನಿಂತಬಿಡ್ತಾನ.”

ನಾನು ನಕ್ಕೆ. ಅವನು ನಗಲಿಲ್ಲ.

ಕೊನೆಗೆ ಟ್ರ್ಯಾಕ್ಸ್ ಗುಜರಿಗೆ ಹೋಯಿತು. ಅವನ ಮಗಳು ಅಲ್ಮಾಸಳನ್ನು ಜಾಂಬೋಟಿಯಿಂದ ಒಳಗೆ, ಗದ್ದೆಗಳ ನಡುವಿನ ಒಂದು ಹಳ್ಳಿಗೆ ಕೊಟ್ಟಿದ್ದರು. ಟ್ರ್ಯಾಕ್ಸ್ ಹೋದ ಅದೇ ವರ್ಷ ಮಳೆಗಾಲದಲ್ಲಿ ಅವಳಿಗೆ ಎಂಟನೇ ತಿಂಗಳಿಗೇ ಹೆರಿಗೆ ಬ್ಯಾನಿ ಶುರುವಾಯಿತು. ಮದಾರಸಾಬನಿಗೆ ಬಾಡಿಗೆಗೆ ಸಿಕ್ಕಿದ್ದು ಒಂದು ಚಂದದ ತಗ್ಗು ಕಾರು, ಅದರಲ್ಲೇ ಮಗಳನ್ನು ಕರೆದುಕೊಂಡು ಹೊರಟ. ಹಳ್ಳಿಯ ಹಳ್ಳದ ಸೇತುವೆಯ ಮೇಲೆ ನೀರು ಬಂದಿತ್ತು. ನಡುವೆ ಎಂಜಿನ್ನಿಗೆ ನೀರು ಹೊಕ್ಕು ಕಾರು ನಿಂತಿತು. ಮಂದಿ ಬಂದು ಅದನ್ನು ಎಳೆದು, ದವಾಖಾನೆ ಮುಟ್ಟಿಸುವ ಹೊತ್ತಿಗೆ ತಡವಾಗಿತ್ತು, ಕೂಸು ಉಳಿಯಲಿಲ್ಲ. ಬೆಳಗಾವಿಯಲ್ಲೇ ಮಣ್ಣು ಮಾಡಿದರು. ಮದಾರಸಾಬ ಬಸ್ಸಿನಲ್ಲಿ ಖಾನಾಪುರಕ್ಕೆ ಬಂದ. ಬಾಗಿಲು ತೆಗೆದು ಕೂಸನ್ನು ಕರೆಯಲು ಅವನ ಹತ್ತಿರ ಯಾವ ಗಾಡಿ ಇತ್ತು?

ಮರುವರ್ಷ ಅಲ್ಮಾಸ ಮತ್ತೆ ಬಸುರಿ. ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ಒಂಬತ್ತು ತಿಂಗಳಿಗೆ ಬೀಳುವ ತನಕ ತವರಿಗೆ ಬರಲಾರೆ ಎನ್ನುತ್ತಿದ್ದಳು. ಮೋಡ ಕಟ್ಟತೊಡಗಿತ್ತು. ಮಳೆ ಹಿಡಿಯುವ ಮುಂಚೆ ಸರಿಯಾದ ಗಾಡಿ ಬೇಕಿತ್ತು.

ಮಗ ಮುದಸ್ಸರ ಮೊಬೈಲಿನಲ್ಲಿ ಎಲ್ಲ ನೋಡಿಟ್ಟಿದ್ದ. “ಅಬ್ಬಾ, ಇದಕ್ಕ ಸನ್‌ರೂಫ್ ಐತಿ ನೋಡ್ರಿ.”

“ಜಾಂಬೋಟಿ ಮಳ್ಯಾಗ ಮಾಳಗಿ ತೆಗದ ಏನ ಮಾಡ್ತಿ? ಭತ್ತಾ ನೆಡ್ತಿಯೇನು?”

ಕರೆಂಟಿನ ಕಾರು ನೋಡಿದೆವು. ಆ ಹಳ್ಳಿಯಲ್ಲಿ ಮಳೆಗಾಲದ ಕರೆಂಟು ಬೀಗರ ಹಾಗೆ, ಬಂದರೆ ಬಂತು. ಗ್ಯಾಸಿನ ಕಾರಿನಲ್ಲಿ ಸಿಲಿಂಡರೇ ಡಿಕ್ಕಿ ತುಂಬ ಕೂತಿತ್ತು. ಇನ್ನೊಂದರಲ್ಲಿ ಮದಾರಸಾಬ ಮಲಗಿ, ನಡುವೆ ಎದ್ದ ಸೀಟು ಬೆನ್ನಿಗೆ ಚುಚ್ಚಿ ಎದ್ದುಬಂದ. ಮತ್ತೊಂದರ ಬಾಗಿಲು ಅರ್ಧವೇ ತೆರೆಯುತ್ತಿತ್ತು. “ಕುಂತ ಹೋಗಾವರ ಗಾಡಿ ಬ್ಯಾರೇ, ಮಲಗಿ ಹೋಗಾವರ ಗಾಡಿ ಬ್ಯಾರೇ ಮಗಾ,” ಎಂದ. ಪ್ರತಿ ಸಲವೂ ಅವನ ತಲೆ ನನ್ನ ತೊಡೆಯ ಮೇಲೆ. ಪೇಶಂಟಿನ ಕಡೆಯವರು ಹಾಗೇ ಕೂರುತ್ತಾರಂತೆ.

ಕೊನೆಗೆ ಸೆಕೆಂಡ್ ಹ್ಯಾಂಡ್ ಗಾಡಿ ಮಾರುವ ನಮ್ಮ ಪೈಕಿ ಹುಡುಗ ವಿಪುಲನ ಹತ್ತಿರ ಹೋದೆವು. ಎತ್ತರದ ಬಿಳಿ ಡೀಸೆಲ್ ಗಾಡಿ ಒಂದು ನಿಂತಿತ್ತು. ಸಪಾಟಾದ ಸೀಟು, ಅಗಲವಾದ ಬಾಗಿಲು, ಹಿಂದೆ ಎದುರುಬದುರು ಎರಡು ಪುಟ್ಟ ಸೀಟು. ಕೆಟ್ಟರೆ ಖಾನಾಪುರದಲ್ಲೇ ರಿಪೇರಿ ಆಗುವಂಥದ್ದು. ಮುದಸ್ಸರ ಗಾಡಿ ಹೊಡೆದ. ಅವನ ಬಾಜೂಕಿನ ಸೀಟು ಖಾಲಿ. ಮದಾರಸಾಬ ಮಲಗಿದ, ನಾನು ತೊಡೆ ಕೊಟ್ಟೆ.

ಮಟಮಟ ಮಧ್ಯಾಹ್ನ. ನೆಹರು ನಗರದ ದವಾಖಾನೆಯ ಗೇಟಿನ ಎದುರು ಟ್ರಾಫಿಕ್ಕಿಗೆ ಗಾಡಿ ನಿಂತಿತು. ಆಗ ಶುರುವಾಯಿತು: ಟಿಂಗ್, ಟಿಂಗ್, ಟಿಂಗ್. ಬೆಲ್ಟ್ ಹಾಕದೆ ಯಾರಾದರೂ ಕೂತರೆ ಗಾಡಿ ಕೂಗುತ್ತದಲ್ಲ, ಆ ಸಪ್ಪಳ. ಮುಂದಿನ ಖಾಲಿ ಸೀಟಿನ ಕೆಂಪು ದೀಪ ಹತ್ತಿ ಆರುತ್ತಿತ್ತು.

ನನ್ನ ತೊಡೆಯ ಮೇಲಿನ ತಲೆ ಅಲುಗಲಿಲ್ಲ. ಆದರೆ ಕರವಸ್ತ್ರ ಬಾಯಿಯ ಮೇಲೆ ಏರಿಳಿಯುತ್ತಿದ್ದದ್ದು ನಿಂತಿತು. ಉಸಿರು ಹಿಡಿದಿದ್ದ.

“ಮುದಸ್ಸರ,” ಎಂದ ಮೆಲ್ಲಗೆ, “ಬಾಜೂಕಿನ ಬೆಲ್ಟ್ ಹಾಕು.”

ಮುದಸ್ಸರ ಖಾಲಿ ಸೀಟಿಗೆ ಬೆಲ್ಟ್ ಹಾಕಿದ. ಸಪ್ಪಳ ನಿಂತಿತು.

“ವೈರ್ ಕೆಟ್ಟಿರಬೇಕ್ರಿ, ತೆಗದ ಕೊಡ್ತೀನಿ,” ಎಂದ ವಿಪುಲ, ವಾಪಸ್ ಬಂದ ಮೇಲೆ.

“ತೆಗದೀ ಅಂದ್ರ ಗಾಡೀನ ಬ್ಯಾಡಾ,” ಎಂದ ಮದಾರಸಾಬ. ನನ್ನನ್ನು ಬದಿಗೆ ಕರೆದು, “ಕೂಸು ಒಂದ ವರ್ಷ ಗೇಟಿನಾಗ ನಿಂತಿತ್ತೋ ತವನ್ಯಾ. ನಾ ಬಸ್ ಹತ್ತಿ ಬಂದಬಿಟ್ಟಿದ್ನಿ,” ಎಂದ. ಆ ಉರಿ ಬಿಸಿಲಿನಲ್ಲಿ ನನ್ನ ಬೆನ್ನು ತಣ್ಣಗಾಯಿತು. ನಗೆಚಾಷ್ಟಿ ಮಾಡುವುದನ್ನು ಬಿಟ್ಟು, ವಿಪುಲನ ಹತ್ತಿರ ಹೋಗಿ ಗಾಡಿಯ ರೇಟು ಮಾತಾಡಿದೆ. ನನ್ನ ಹೆಂಡತಿ ಚಂಪಾಬಾಯಿ ಇದನ್ನು ಮಾತ್ರ ನಂಬುವುದಿಲ್ಲ.

ಗಾಡಿ ಮನೆಗೆ ಬಂದು ಕೆಲವೇ ದಿನಕ್ಕೆ ಮಳೆ ಹಿಡಿಯಿತು. ಒಂದು ಮಧ್ಯಾಹ್ನ ನಾನು ಅವರ ಮನೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಫೋನ್ ಬಂತು. ಅಲ್ಮಾಸಳಿಗೆ ಬ್ಯಾನಿ. ಈ ಸಲವೂ ಎಂಟೇ ತಿಂಗಳು. ಮುದಸ್ಸರ ಕೆಲಸಕ್ಕೆ ಹೋಗಿದ್ದ. ಮದಾರಸಾಬನೇ ಸ್ಟೇರಿಂಗ್ ಹಿಡಿದ, ಹೆಂಡತಿ ಸಿತಾರಾ ಹಿಂದೆ ಕೂತಳು. ನಾನು ಮುಂದಿನ ಎಡಬಾಗಿಲಿಗೆ ಕೈ ಹಾಕಿದೆ, ಆ ಖಾಲಿ ಸೀಟಿಗೆ ಬೆಲ್ಟ್ ಹಾಕಿಯೇ ಇತ್ತು.

“ಅಲ್ಲಿ ಜಾಗಾ ಇಲ್ಲ. ಹಿಂದ ಹೋಗು.”

ಡಿಕ್ಕಿಯ ಪುಟ್ಟ ಸೀಟಿನಲ್ಲಿ ಸಂತೆಗೆ ಹೊರಟ ಆಡಿನ ಹಾಗೆ ಕೂತೆ. ಹೋಗುವಾಗ ಹಳ್ಳದ ನೀರು ಸೇತುವೆಯ ಕೆಳಗೇ ಇತ್ತು. ಅಲ್ಮಾಸಳನ್ನು ಎತ್ತಿ ಹಿಂದಿನ ಸೀಟಿನಲ್ಲಿ ಮಲಗಿಸಿದೆವು, ತಾಯಿಯ ತೊಡೆಯ ಮೇಲೆ ತಲೆ. ಆ ಗಡಿಬಿಡಿಯಲ್ಲಿ ಮುಂದಿನ ಎಡಬಾಗಿಲು ತೆಗೆದು “ಮನಿ ಬಂತು, ಇಳಿ” ಎನ್ನುವುದು ಯಾರಿಗೂ ನೆನಪಾಗಲಿಲ್ಲ.

ತಿರುಗಿ ಸೇತುವೆಗೆ ಬಂದರೆ, ಸೇತುವೆಯೇ ಇಲ್ಲ. ಇಷ್ಟಗಲ ಕೆಂಪು ನೀರು. ಹಗಲಿದ್ದರೂ ಮಬ್ಬುಗತ್ತಲೆ. ಅಲ್ಮಾಸ ಹಲ್ಲು ಕಚ್ಚಿ ನರಳುತ್ತಿದ್ದಳು. ಹೋದ ವರ್ಷ ಕಾರು ನಿಂತ ಜಾಗ ಅದೇ.

ಮದಾರಸಾಬ ಬ್ರೇಕ್ ಹಾಕಿದ. ಆಗ ನಾವೆಲ್ಲ ಕೇಳಿದೆವು: ಟಕ್. ಖಾಲಿ ಸೀಟಿನ ಬೆಲ್ಟ್ ತಾನಾಗಿ ಬಿಚ್ಚಿತು. ಟಿಂಗ್, ಟಿಂಗ್, ಟಿಂಗ್.

“ಇಳೀತಿಯೇನು?” ಎಂದ ಮದಾರಸಾಬ. ಕೈ ಚಾಚಿ ಎಡಬಾಗಿಲು ತೆಗೆದ. ಮಳೆಯ ಎರಚಲು ಒಳಗೆ ಬಂತು. ಸಪ್ಪಳ ನಿಂತಿತು. ಬೆಲ್ಟ್ ಬಿಚ್ಚಿಯೇ ಇತ್ತು, ಆದರೂ ನಿಂತಿತು.

ಹೆಡ್‌ಲೈಟಿನ ಬೆಳಕಿನಲ್ಲಿ ನೀರನ್ನು ನೋಡಿದೆ. ನೀರಿನ ಮೇಲೆ ಒಂದು ಅಲೆ ಸೀಳುತ್ತ ಹೊರಟಿತ್ತು, ಯಾರೋ ಕಾಲೆಳೆದು ನಡೆದ ಹಾಗೆ. ತೀರ ಸಣ್ಣ ಅಲೆ. ಎರಡು ಹೆಜ್ಜೆ ಇಟ್ಟು ನಿಲ್ಲುತ್ತಿತ್ತು, ತೂರಾಡಿ ಮತ್ತೆ ಎರಡು. ಹೊಸದಾಗಿ ನಡೆಯಲು ಕಲಿತವರು ಹಾಗೇ ನಡೆಯುತ್ತಾರೆ. ಹೋದ ವರ್ಷದ ಕೂಸು ಬದುಕಿದ್ದರೆ ಅದಕ್ಕೆ ಈಗ ಅದೇ ವಯಸ್ಸು.

ಅಲೆ ಬಲಕ್ಕೆ ಸರಿದು, ಬಲ ಅಂಚು ಹಿಡಿದೇ ಆಚೆಗೆ ಹೋಯಿತು. ಮದಾರಸಾಬ ಬಾಗಿಲು ಹಾಕಿ, ಮೊದಲ ಗೇರಿನಲ್ಲಿ ಅದರ ಹಿಂದೆಯೇ ಗಾಡಿ ಬಿಟ್ಟ. ನೀರು ಗಾಲಿಯ ಅರ್ಧಕ್ಕೆ ಬಂತು, ಎಂಜಿನ್ನಿಗೆ ಮುಟ್ಟಲಿಲ್ಲ. ನಾನು ನಮ್ಮ ಜೈನರ ಣಮೋಕಾರ ಮಂತ್ರವನ್ನು ಕೊನೆಯಿಂದ ಮೊದಲಿಗೆ ಹೇಳಿದೆನಂತೆ, ಸಿತಾರಾ ಇವತ್ತಿಗೂ ಆಡಿಕೊಳ್ಳುತ್ತಾಳೆ. ಆಚೆ ದಡ ಹತ್ತಿದೆವು. ನೀರು ಇಳಿದ ಮೇಲೆ ಊರವರು ನೋಡಿದರೆ, ಸೇತುವೆಯ ಎಡ ಅರ್ಧ ಕೊಚ್ಚಿಹೋಗಿತ್ತು.

ನೆಹರು ನಗರದಲ್ಲಿ ಹೆಣ್ಣು ಕೂಸು ಹುಟ್ಟಿತು. ತೆಳ್ಳಗೆ ಇತ್ತು, ಆದರೆ ಅತ್ತಿತು. ಅದರ ಅಳು ಗೋವಾಕ್ಕೆ ಕೇಳಿಸಿತು ಎಂದು ನಾನು ಹೇಳಿದರೆ ನಂಬಬೇಡಿ, ಖಾನಾಪುರದ ತನಕ ಮಾತ್ರ.

ಮಳೆ ಕಡಿಮೆಯಾದ ಮೇಲೆ ತಾಯಿ ಮಗುವನ್ನು ಹಳ್ಳಿಗೆ ಬಿಡಲು ಹೊರಟೆವು. ಸೇತುವೆ ರಿಪೇರಿಯಾಗಿತ್ತು. ಅಲ್ಮಾಸ ಹಿಂದೆ, ನಾನು ನನ್ನ ಆಡಿನ ಜಾಗದಲ್ಲಿ. ಆ ದಿನ ನೋವಿನಲ್ಲಿ ಮಲಗಿದ್ದ ಅವಳು ಏನೂ ನೋಡಿರಲಿಲ್ಲ, ನಾವು ಯಾರೂ ಅವಳಿಗೆ ಹೇಳಿರಲೂ ಇಲ್ಲ. ಸೇತುವೆಯ ಹತ್ತಿರ ಮದಾರಸಾಬ ಗಾಡಿ ನಿಲ್ಲಿಸಿ, ಇಳಿದು, ಎಡಬಾಗಿಲು ತೆಗೆದು ನಿಂತ. ಹಳ್ಳದ ಕಡೆಯಿಂದ ತಣ್ಣನೆಯ ಗಾಳಿ ಬೀಸಿತು. ಬಾಗಿಲು ಹಾಕಿ ಬಂದು ಕೂತ.

ಟಿಂಗ್. ಟಿಂಗ್. ಟಿಂಗ್.

ಅಲ್ಮಾಸ ಹಿಂದಿನಿಂದ ಬಾಗಿ, ಒಂದು ಕೈಯಲ್ಲಿ ಕೂಸು ಹಿಡಿದು, ಇನ್ನೊಂದು ಕೈಯಲ್ಲಿ ಮುಂದಿನ ಬೆಲ್ಟ್ ಎಳೆದಳು. ಟಕ್ ಎಂದು ಹಾಕಿದಳು.

“ಹೊಡೀರಿ ಅಬ್ಬಾ,” ಎಂದಳು. “ಮಕ್ಕಳಿಬ್ಬರೂ ಕುಂತಾರ.”